ಹಿಂದಿನ ಸೀಟಿನ ಜೋಳ

"ಇದೇನ್ರಿ ಸ್ಯಾಮ್ಸನ್?"

ಶೈನಿ ಮುಷ್ಟಿ ಬಿಚ್ಚಿದಳು. ಅಂಗೈಯಲ್ಲಿ ಜೋಳದ ಕಾಳು.

ವಿದ್ಯಾನಗರದ ತನ್ನ ಗ್ಯಾರೇಜಿನಲ್ಲಿ ಸ್ಯಾಮ್ಸನ್ ಸ್ಪ್ಯಾನರ್ ಕೆಳಗಿಟ್ಟು ಎದ್ದು ನಿಂತ. ಶೈನಿಯೇ ಮುಂದುವರಿಸಿದಳು.

"ನನ್ನ ಗಾಡಿ ಹಿಂದಿನ ಸೀಟಿನ್ಯಾಗ ಸಿಕ್ಕಾವು. ನಿನ್ನೆ ಪಕ್ಕದ ಮನಿ ಅತುಲ ಅರಬೈಲ್ ಘಟ್ಟದಾಗ ಇದೇ ಗಾಡಿ ನೋಡ್ಯಾನಂತ. ಬ್ರೇಕ್ ಮಾಡ್ರಿ ಅಂತ ಕೊಟ್ರ, ಜೋಳ ಹೇರಾಕ ಬಾಡಿಗಿ ಬಿಟ್ಟೀರೇನು?"

ಅಪ್ಪ ಬಿಟ್ಟುಹೋದ ಹಳೇ ಸಣ್ಣ ಕಾರು ಅದು. ಸೋಮವಾರ ಶೈನಿ ಕಾರವಾರದ ಆಸ್ಪತ್ರೆಯಲ್ಲಿ ನರ್ಸ್ ಆಗಿ ಸೇರಬೇಕು. ಮಾಳಮಡ್ಡಿಯ ಮನೆ ಬಿಟ್ಟು ಅವ್ವ ಲೂಸಿಯೂ ಜೊತೆಗೆ ಹೊರಟಿದ್ದಳು. ಹಳೇ ಬ್ರೇಕ್ ನಂಬಿ ಆ ದಾರಿಯ ಅರಬೈಲ್ ಘಟ್ಟ ಇಳಿಯುವುದು ಬೇಡವೆಂದು ದೊಡ್ಡ ಡಿಸ್ಕ್, ಹೊಸ ಬೂಸ್ಟರ್ ಹಾಕಿಸಲು ಕೊಟ್ಟಿದ್ದಳು. ವಾರದಿಂದ ಇವನದು ಒಂದೇ ಮಾತು, 'ನಾಳೆ ಕೊಡ್ತೇನಿ.'

ಖರೇ ಹೇಳಬೇಕೆಂದರೆ ಅವಳ ಸಿಟ್ಟು ಜೋಳದ ಮೇಲೆ ಅಲ್ಲ. ಚರ್ಚಿನ ಹಾಡಿನ ತಂಡದಲ್ಲಿ ಪ್ರತಿ ಭಾನುವಾರ ಬೆನ್ನ ಹಿಂದೆ ನಿಂತು ಹಾಡುವವನು, ಒಂದು ಸಲವೂ 'ಹೋಗಬ್ಯಾಡ್ರಿ' ಅನ್ನಲಿಲ್ಲವಲ್ಲ... ಅದರ ಮೇಲೆ! ಪಾಪ, ಜೋಳ ಏನು ಮಾಡಿತ್ತು?

"ಒಮ್ಮೆ ನೀವ ಹೊಡೀರಿ," ಎಂದು ಅವನು ಚಾವಿ ಕೊಟ್ಟು ಪಕ್ಕದಲ್ಲಿ ಕುಳಿತ.

ಉಣಕಲ್ ದಾಟುವಾಗ ಆಟೋ ಒಂದು ಏಕಾಏಕಿ ಅಡ್ಡ ಬಂತು. ಶೈನಿ ಬ್ರೇಕ್ ಒತ್ತಿದಳು. ಮೊದಲಾಗಿದ್ದರೆ ಜಾರುತ್ತಿದ್ದ ಕಾರು ನೆಟ್ಟಗೆ ನಿಂತಿತು.

ಆಟೋ ಹೋಯಿತು. ಅವಳು ಕಾರನ್ನು ಬದಿಗೆ ಹಾಕಿದಳು.

"ಜೋಳ ಸುಳ್ಳ ಊರಿನ ಉಳವಪ್ಪ ಕಾಕಾಂದು," ಎಂದ ಸ್ಯಾಮ್ಸನ್ ಮೆಲ್ಲಗೆ. "ಎರಡು ಚೀಲ ಇಸ್ಕೊಂಡು ಬಂದಿದ್ದೆ. ಖಾಲಿ ಗಾಡಿ ಹೆಂಗಾರ ನಿಲ್ತೈತಿ. ನಿಮ್ಮವ್ವಾರು, ಸಾಮಾನು... ಅಷ್ಟು ಭಾರ ಇಟ್ಟು ಘಟ್ಟ ಇಳಿಸಿ ನೋಡಬೇಕಿತ್ತು."

ಶೈನಿಗೆ ತನ್ನ ಮಾತು ನೆನೆದು ನಾಚಿಕೆಯಾಯಿತು.

"ಮೊದಲ ಯಾಕ ಹೇಳಲಿಲ್ಲ?"

"ನಿನ್ನೆನ ಎಲ್ಲಾ ಸರಿ ಆಗೇತಿ, ಶೈನಿ. ಇವತ್ತ ಸುಮ್ನ ಬಿಚ್ಚಿ ಜೋಡಸಾಕತ್ತಿದ್ದೆ. ಚಾವಿ ಕೊಟ್ರ ನೀವು ಹೋಗ್ತೀರಿ..."

'ಅಯ್ಯೋ ದೇವರೇ, ಇಷ್ಟು ಹೇಳಾಕ ಒಂದು ವಾರ ಬೇಕಾತೇನು?' ಅವಳ ಕಣ್ಣು ತುಂಬಿತು.

"ಹೋಗಬ್ಯಾಡ್ರಿ ಅನ್ನಬಹುದಿತ್ತಲ್ಲ?"

"ನೀವು ಆಸೆಪಟ್ಟ ಕೆಲಸ. ಹೆಂಗ ಅನ್ನಲಿ? ಹೋಗ್ರಿ. ಆದ್ರ... ನೀವಂದ್ರ ನನಗ ಜೀವ. ಇಷ್ಟೇ ನನಗ ಗೊತ್ತು."

ಶೈನಿ ಚಾವಿ ತೆಗೆದು ಅವನ ಕೈಯಲ್ಲಿಟ್ಟಳು.

"ಸೋಮವಾರ ಘಟ್ಟ ಇಳಸಾಕ ನೀವ ಬರ್ರಿ. ಅವ್ವ ಹಿಂದ ಕೂತಿರ್ತಾಳ. ಅಲ್ಲೇ ಕೇಳ್ರಿ."

"ಏನ್ ಕೇಳಲಿ?"

"ನನ್ನ."

ಅವನು ನಗುತ್ತ ಅವಳತ್ತ ತಿರುಗಿ ಕುಳಿತ.

"ಆದ್ರ ಅವ್ವನ ಬದ್ಲಿ ಜೋಳದ ಚೀಲ ಇಟ್ಟಿದ್ದೆ ಅನ್ನಬ್ಯಾಡ್ರಿ ಮತ್ತ. ಹೆಣ್ಣು ಕೊಡೂದಿಲ್ಲ."

"ಲಗ್ನ ಆದ ಮ್ಯಾಲ ಹೇಳ್ತೇನಿ ಬಿಡ್ರಿ," ಎಂದ ಸ್ಯಾಮ್ಸನ್, ಚಾವಿಯ ಸಮೇತ ಅವಳ ಕೈ ಹಿಡಿದು.