ಶೋಧಿನಿ ಮುಳುಗಿಸಿದ ಲೇಖನ

ಕಣ್ಣು ಮಿಟುಕಿಸುವಷ್ಟರಲ್ಲಿ ಶೋಧಿನಿ ಎಂಬ ಹುಡುಕುಯಂತ್ರ ಜಗತ್ತಿನ ಸಂಶೋಧನಾ ಪತ್ರಿಕೆಗಳನ್ನೆಲ್ಲ ಜಾಲಾಡಿತು. ಜ್ವರದ ಜೊತೆ ಮಕ್ಕಳ ದೃಷ್ಟಿ ಮಂದವಾಗುವ ಕಾಯಿಲೆಯ ಬಗ್ಗೆ ಬಂದ ಲೇಖನಗಳನ್ನು ಪರದೆಯ ಮೇಲೆ ಸಾಲಾಗಿ ಇಟ್ಟಿತು. ಡಾಕ್ಟರ್ ಫರೀದಾ ಮೇಲಿನ ಮೂರನ್ನು ಓದಿ, ಅದರಂತೆ ಔಷಧಿ ಬರೆದರು. ೨೦೫೮ರಲ್ಲಿ ಧಾರವಾಡದ ಆ ಆಸ್ಪತ್ರೆಯಲ್ಲಷ್ಟೇ ಅಲ್ಲ, ಎಲ್ಲ ಕಡೆಯೂ ಚಿಕಿತ್ಸೆ ನಡೆಯುತ್ತಿದ್ದುದು ಹೀಗೆಯೇ.

ಶೋಧಿನಿಯನ್ನು ಕಟ್ಟಿದ ವಿಜ್ಞಾನಿ ನೀಲಾಂಬಿಕಾ ಪಕ್ಕದಲ್ಲೇ ನಿಂತು ಅವೇ ಮೂರನ್ನು ಓದಿದ್ದಳು. ಮಂಚದ ಮೇಲಿದ್ದವಳು ಅವಳ ತಮ್ಮ ಅಡಿವೆಪ್ಪನ ಮಗಳು ಚಿನ್ಮಯಿ. ಅಕ್ಕನ ಯಂತ್ರವೇ ಔಷಧಿ ಹೇಳಿದೆಯೆಂದ ಮೇಲೆ ಇನ್ನೇನು ಚಿಂತೆ ಎಂದು ಅಡಿವೆಪ್ಪ ನಿರಾಳವಾಗಿ ಚಹಾ ಕುಡಿದು ಬಂದ.

ಜ್ವರ ಜಗ್ಗಲಿಲ್ಲ. ಮರುದಿನ ಮಧ್ಯಾಹ್ನ ಕಿಟಕಿಯಲ್ಲಿ ಬಿಸಿಲು ಸುರಿಯುತ್ತಿರುವಾಗ ಹುಡುಗಿ, "ಅತ್ತೀ, ಲೈಟ್ ಹಚ್ಚ. ಕತ್ತಲಾಗೇತಿ" ಎಂದಳು.

ಆಗ ನೀಲಾಂಬಿಕಾಳಿಗೆ ನೆನಪಾಯಿತು. ವಿದ್ಯಾರ್ಥಿಯಾಗಿದ್ದಾಗ ಗ್ರಂಥಾಲಯದಲ್ಲಿ ಏನನ್ನೋ ಹುಡುಕುತ್ತ ಇದೇ ಕಾಯಿಲೆಯ ಲೇಖನವೊಂದನ್ನು ಓದಿದ್ದಳು. ಬರೆದವರು ಯಾವುದೋ ಸಣ್ಣ ಊರಿನ ಮಕ್ಕಳ ಡಾಕ್ಟರು. ಮಕ್ಕಳ ಕಣ್ಣು ಉಳಿಸಿದ್ದು ತೀರಾ ಸಾಮಾನ್ಯವಾದ ಒಂದು ಔಷಧಿ. ಅದರ ಹೆಸರು ಮಾತ್ರ ಏನು ಮಾಡಿದರೂ ನಾಲಗೆಗೆ ಬರಲಿಲ್ಲ.

"ನಿನ್ನ ಮಷೀನಿಗೆ ಗೊತ್ತಿಲ್ಲದ್ದು ಏನೈತಕ್ಕಾ? ಕೇಳ ಅದನ್ನ!" ಅಡಿವೆಪ್ಪ ಅಕ್ಕನನ್ನು ಪರದೆಯ ಮುಂದೆ ಎಳೆದು ತಂದ.

ಕೇಳಿದಳು. ಬೇರೆ ಬೇರೆ ಪದ ಹಾಕಿ, ಕಾಲ ಬದಲಿಸಿ, ಮತ್ತೆ ಮತ್ತೆ ಕೇಳಿದಳು. "ಬೇರೆ ಆಧಾರ ಲಭ್ಯವಿಲ್ಲ" ಎಂದು ಶೋಧಿನಿ ಪ್ರತಿ ಸಲವೂ ಒಂದೇ ಮಾತು ಹೇಳಿತು. ಮುದ್ರಿತ ಪತ್ರಿಕೆಗಳನ್ನು ನೋಡೋಣವೆಂದರೆ, ಶೋಧಿನಿ ಬಂದ ಮೇಲೆ ಗ್ರಂಥಾಲಯಗಳು ಅವನ್ನೆಲ್ಲ ರದ್ದಿಗೆ ಹಾಕಿ ಕೈತೊಳೆದುಕೊಂಡಿದ್ದವು.

"ಹಂಗಾದ್ರ ಅಂಥಾ ಲೇಖನಾನ ಇಲ್ರಿ ಮೇಡಂ. ಆಧಾರ ಇಲ್ದ ನಾ ಏನಂತ ಕೊಡ್ಲಿ?" ಎಂದರು ಫರೀದಾ. ಅವರದೇನು ತಪ್ಪು? ಶೋಧಿನಿಯನ್ನು ನಂಬಿ ಎಂದು ಊರೂರು ತಿರುಗಿ ಭಾಷಣ ಮಾಡಿದವಳು ಇವಳೇ.

ಯಂತ್ರದ ಒಳಗುಟ್ಟು ಅವಳಿಗೆ ಗೊತ್ತಿತ್ತು. ಓದುಗರು ತೆರೆದ ಲೇಖನ ಮೇಲೇರುತ್ತದೆ. ಪಟ್ಟಿಯಲ್ಲಿ ಬಂದರೂ ಯಾರೂ ತೆರೆಯದೆ ಬಿಟ್ಟದ್ದು ಒಂದೊಂದು ಸಲಕ್ಕೂ ಒಂದಿಷ್ಟು ಕೆಳಗಿಳಿಯುತ್ತದೆ. ಇಳಿದಿಳಿದು ತಳ ಮುಟ್ಟಿದರೆ ಆಮೇಲೆ ಕಾಣಿಸಿಕೊಳ್ಳುವುದೇ ಇಲ್ಲ. ಜನಕ್ಕೆ ಬೇಡವಾದ ಕಸ ಅಡ್ಡ ಬರದಿರಲಿ ಎಂದು ಅವಳೇ ಮಾಡಿದ್ದ ಏರ್ಪಾಡು.

ತಟ್ಟನೆ ಏನೋ ಹೊಳೆದು, ಹಿಂದಿನ ದಿನ ಫರೀದಾ ಕೇಳಿದ ಪ್ರಶ್ನೆಗೆ ಯಂತ್ರ ಕೊಟ್ಟಿದ್ದ ಉತ್ತರದ ಪಟ್ಟಿಯನ್ನು ದಾಖಲೆಯಿಂದ ತೆಗೆಸಿದಳು. ಅಯ್ಯೋ ದೇವರೇ! ಲೇಖನ ಅಲ್ಲೇ ಇತ್ತು, ಒಂಬತ್ತನೆಯ ಸಾಲಿನಲ್ಲಿ. ವರ್ಷಗಟ್ಟಲೆ ಯಾರಿಗೂ ಬೇಡವಾಗಿ ಇಳಿಯುತ್ತ ಬಂದಿದ್ದ ಅದನ್ನು ನಿನ್ನೆಯ ಅಲಕ್ಷ್ಯ ಪೂರ್ತಿ ಮುಳುಗಿಸಿತ್ತು.

ಅದರಲ್ಲಿ ಹೆಸರಿಸಿದ್ದ ಔಷಧಿ ಆಸ್ಪತ್ರೆಯ ಕಪಾಟಿನಲ್ಲೇ ಇತ್ತು. ಫರೀದಾ ಓಡಿಹೋಗಿ ತಂದು ಕೊಟ್ಟರು. ಸಂಜೆಗೆ ಜ್ವರ ಇಳಿಯಿತು. ಕಣ್ಣು ಮಾತ್ರ ಬರಲಿಲ್ಲ. ದೃಷ್ಟಿ ಪೂರ್ತಿ ಹೋಗುವ ಮೊದಲೇ ಕೊಡಬೇಕು, ಆಮೇಲೆ ಕೊಟ್ಟು ಉಪಯೋಗವಿಲ್ಲ ಎಂದು ಲೇಖನದಲ್ಲೇ ಬರೆದಿತ್ತು.

ಅಡಿವೆಪ್ಪ ಕೂಗಾಡಲಿಲ್ಲ. ಕೂಗಾಡಿದ್ದರೆ ಎಷ್ಟೋ ವಾಸಿಯಿತ್ತು. "ನಿನ್ನೇನ ಅದು ಅಲ್ಲೇ ಇತ್ತಂದ್ರ, ಸ್ವಲ್ಪ ಕೆಳಗ ಯಾಕ ನೋಡ್ಲಿಲ್ಲಕ್ಕಾ?" ಎಂದು ಮೆಲ್ಲಗೆ ಕೇಳಿದ.

ಓದುಗರಿಗೆ ಬೇಕಾದದ್ದು ಯಾವುದು ಎಂಬುದನ್ನು ಶೋಧಿನಿಗೆ ಕಲಿಸಲು ಅವಳು ಅದಕ್ಕೆ ಉಣಿಸಿದ್ದು ಹಳೆಯ ಗ್ರಂಥಾಲಯಗಳ ಹುಡುಕಾಟದ ದಾಖಲೆಗಳನ್ನು. ಮೂವತ್ತು ವರ್ಷ ಹಿಂದಿನವು, ಅಂದರೆ ಈಗಿನ ನಮ್ಮ ನಿಮ್ಮ ಬೆರಳುಗಳವು. ಆ ಲಕ್ಷಗಟ್ಟಲೆ ಹುಡುಕಾಟಗಳಲ್ಲಿ ಮೊದಲ ನಾಲ್ಕು ಸಾಲು ದಾಟಿ ಕೆಳಗಿಳಿದ ಬೆರಳುಗಳು ಇರಲೇ ಇಲ್ಲವೆನ್ನಬೇಕು. ಕೆಳಗಿನದು ಯಾರಿಗೂ ಬೇಡವೆಂದು ಯಂತ್ರ ಕಲಿತದ್ದು ಅವುಗಳಿಂದಲೇ; ನಿನ್ನೆ ಅವಳ ಬೆರಳೂ ಕೆಳಗಿಳಿದಿರಲಿಲ್ಲ. ತಮ್ಮನ ಮುಖ ನೋಡಲಾರದೆ ನೀಲಾಂಬಿಕಾ ಚಿನ್ಮಯಿಯ ಕೈ ಹಿಡಿದು ಕೂತಳು. "ಯಾರು, ಅತ್ತೀನಾ?" ಎಂದಳು ಹುಡುಗಿ.