ಓರೆನೋಟ

ಮೊದಲ ದಿನವೇ ವ್ಯಾನು ಅವಳನ್ನು ದಾಟಿಕೊಂಡು ಹೋಗಿಬಿಟ್ಟಿತು.

ಔಷಧಿ ಅಂಗಡಿಯ ಮುಂದೆ ಅವಳು ಕೈಯೆತ್ತಿ ನಿಂತೇ ಇದ್ದಳು. ಒಳಗಿದ್ದ ಮಕ್ಕಳು ಹೋ ಎಂದು ಕೂಗಿದ ಮೇಲೆ ಅದು ಹಿಂದಕ್ಕೆ ಬಂತು. ಡ್ರೈವರ್ ಕಿಟಕಿಯಿಂದ ತಲೆ ಹೊರಗೆ ಹಾಕಿದ.

"ಹೊಸ ಟೀಚರಾ? ಸಾರಿ, ಲೈಟ್ ಕಂಬ ಅಂದ್ಕೊಂಡೆ."

"ಕಂಬ ಕೈ ಎತ್ತುತ್ತಾ?"

"ಇಷ್ಟು ಚೆನ್ನಾಗಿ ಬೈಯೋದೂ ಇಲ್ಲ."

ಅವಳಿಗೆ ನಗು ಬಂತು. ಬರಬಾರದಿತ್ತು.

ಅವಳು ಕೆಲಸಕ್ಕೆ ಸೇರಿದ್ದು ಊರಿನ ಹಳೆಯ ಸೇವಾಸಂಸ್ಥೆಯೊಂದಕ್ಕೆ. ಹಗಲಿನಲ್ಲಿ ಒಂಟಿಯಾಗುವ ಮುದುಕರನ್ನೂ, ನೋಡಿಕೊಳ್ಳುವವರಿಲ್ಲದ ಪುಟ್ಟ ಮಕ್ಕಳನ್ನೂ ಒಂದೇ ಸೂರಿನಡಿ ಕೂಡಿಸುವ ಮನೆ ಅದು. ಎಲ್ಲರೂ ದೊಡ್ಡಮ್ಮ ಎಂದು ಕರೆಯುವ ಹಿರಿಯರು ಅದನ್ನು ತಾಯಿಯ ಕಾಲದಿಂದ ನಡೆಸಿಕೊಂಡು ಬಂದಿದ್ದರು. ಬೆಳಿಗ್ಗೆ ವ್ಯಾನಿನಲ್ಲಿ ಒಬ್ಬ ಅಜ್ಜಿಯ ಪಕ್ಕ ಒಂದು ಮಗು, ಒಬ್ಬ ತಾತನ ಪಕ್ಕ ಇನ್ನೊಂದು. ಎಲ್ಲರ ಬೆಲ್ಟ್ ಹಾಕಿ ಟೀಚರ್ ಮುಂದೆ, ಡ್ರೈವರ್ ಪಕ್ಕ ಕೂರಬೇಕು.

ಅವನು ಯಾವತ್ತೂ ಅವಳನ್ನು ನೇರವಾಗಿ ನೋಡುತ್ತಿರಲಿಲ್ಲ. ಮುಖವನ್ನು ಅತ್ತ ತಿರುಗಿಸಿ, ಕಣ್ಣಂಚಿನಿಂದ ಇತ್ತ ಒಂದು ನೋಟ. ಆ ನೋಟ ಕಿವಿಯ ಓಲೆ ತಾಕಿ, ಕೆನ್ನೆಗಿಳಿದು, ತುಟಿಯ ಹತ್ತಿರ ಸ್ವಲ್ಪ ತಂಗಿ ಹೋಗುತ್ತಿತ್ತು.

"ಏನು, ಹಾಗೆ ಕದ್ದು ನೋಡ್ತೀರ?"

"ಟೀಚರನ್ನ ನೇರವಾಗಿ ನೋಡೋ ಧೈರ್ಯ ಯಾರಿಗಿದೆ ಹೇಳಿ?"

ಸಿಗ್ನಲ್ ಹತ್ತಿರ ಬಂದರೆ ಅವನು ಕೂಗುತ್ತಿದ್ದ, "ಮಕ್ಕಳೇ, ಯಾವ ಬಣ್ಣ?" ಹಿಂದಿನಿಂದ ಉತ್ತರ ಸಿಡಿಯುತ್ತಿತ್ತು, "ಕೆಂಪೂ!" ತಾತಂದಿರೂ ದನಿಗೂಡಿಸುತ್ತಿದ್ದರು. ಇಂಥ ಆಟ ಆಡುವವನನ್ನು ಪ್ರೀತಿಸದೆ ಇರುವುದು ಹೇಗೆ?

ಆದರೂ ಕೆಲವು ಸಂಗತಿಗಳು ಕಣ್ಣಿಗೆ ಬಿದ್ದ ಕಸದ ಹಾಗೆ ಕಿರಿಕಿರಿ ಮಾಡತೊಡಗಿದವು. ವ್ಯಾನಿನ ಎಡಗಡೆ ದಿನ ಬಿಟ್ಟು ದಿನ ಹೊಸ ಗೀರು. ಕಾರಿಡಾರಿನಲ್ಲಿ ಅವಳು ಎದುರಾದರೆ, ಮಾತಾಡುವ ತನಕ ಅವನು ಅಪರಿಚಿತನಂತೆ ಬರುತ್ತಿದ್ದ. ಒಂದು ಸಲ ರಸ್ತೆ ದಾಟುತ್ತಿದ್ದ ನಾಯಿ ಕೂದಲೆಳೆಯಲ್ಲಿ ಉಳಿಯಿತು. ಅವನು ಬ್ರೇಕನ್ನೇ ಮುಟ್ಟಿರಲಿಲ್ಲ.

ಒಂದು ಮಧ್ಯಾಹ್ನ, ಅವಳ ಮುಖದ ಮಂದಹಾಸ ಕಂಡು ಮೇಷ್ಟ್ರು ಹತ್ತಿರ ಕರೆದರು. ಅಲ್ಲಿಗೆ ದಿನವೂ ಬರುವ ನಿವೃತ್ತ ಗಣಿತದ ಮೇಷ್ಟ್ರು ಅವರು.

"ಆ ಡ್ರೈವರ್ ನಿನ್ನ ಓರೆಗಣ್ಣಲ್ಲಿ ನೋಡ್ತಾನೆ, ಅಲ್ವಾ ಮಗಳೇ?"

ಅವಳು ನಾಚಿ ತಲೆ ತಗ್ಗಿಸಿದಳು.

"ನಮ್ಮ ಯಜಮಾನಿತಿಯೂ ಕೊನೆಕೊನೆಗೆ ಹಾಗೇ ನೋಡ್ತಿದ್ಲು. ಮುದಿತನದಲ್ಲಿ ಏನಪ್ಪಾ ಇವಳಿಗೆ ಪ್ರೀತಿ ಉಕ್ತಾ ಇದೆ ಅಂತ ನಾನು ಹಿಗ್ಗಿದ್ದೇ ಹಿಗ್ಗಿದ್ದು." ಮೇಷ್ಟ್ರು ನಗುತ್ತಿರಲಿಲ್ಲ. "ಕಣ್ಣಿನ ನಡುಭಾಗದ ದೃಷ್ಟಿ ಹೋಗಿತ್ತಮ್ಮ. ಅಂಚಲ್ಲಿ ಮಾತ್ರ ಕಾಣ್ತಿತ್ತು."

ವ್ಯಾನಿನ ಗೀರುಗಳು, ಆ ನಾಯಿ, ಎಲ್ಲ ಅವಳಿಗೆ ನೆನಪಾದವು. ಇವತ್ತೇ ಕೇಳಬೇಕು ಅಂದುಕೊಂಡಳು. ಸಂಜೆ ಅವನು ಓರೆಯಾಗಿ ನೋಡಿ ನಕ್ಕ; ಅವಳು ಕೇಳಲಿಲ್ಲ. ನಾಳೆ ಕೇಳಿದರಾಯಿತು.

ಮರುದಿನ ಬೆಳಿಗ್ಗೆ ಮಂಜು ಮುಸುಕಿತ್ತು. ಊರಲ್ಲಿ ಜ್ವರ ಹಬ್ಬಿ ಮಕ್ಕಳು, ತಾತಂದಿರು ಯಾರೂ ಬಂದಿರಲಿಲ್ಲ, ಒಬ್ಬಳು ಪುಟ್ಟಿ, ಒಬ್ಬ ಅಜ್ಜಿಯ ಹೊರತು. ಪುಟ್ಟಿಯೂ ಅಜ್ಜಿಯ ತೋಳಿಗೊರಗಿ ನಿದ್ದೆಹೋಗಿದ್ದಳು. ಎಂದೂ ಇಲ್ಲದ ಮೌನ. ಮಗುವಿನ ಬೆಲ್ಟ್ ಸಡಿಲವಾಗಿದ್ದು ಕಂಡು ಟೀಚರ್ ಹಿಂದಕ್ಕೆ ಬಾಗಿ ಅದನ್ನು ಬಿಗಿಮಾಡುತ್ತಿದ್ದಳು.

"ಟೀಚರ್, ಬಣ್ಣ?"

ಆ ದನಿಯಲ್ಲಿ ಆಟವಿರಲಿಲ್ಲ.

"ಟೀಚರ್, ಬೇಗ, ಬಣ್ಣ ಹೇಳಿ!"

ಅವಳು ತಿರುಗಿದಳು. ಕೆಂಪು. ಎಡದಿಂದ ಲಾರಿ.

"ಬ್ರೇಕ್!"

ವ್ಯಾನು ಕಿರುಚಿ ಅಡ್ಡ ತಿರುಗಿ ನಿಂತಿತು. ಲಾರಿಯ ಗಾಳಿ ಗಾಜಿಗೆ ಬಡಿದು ಹೋಯಿತು. ಪುಟ್ಟಿ ಎಚ್ಚರವಾಗಿ ಅತ್ತಳು. ಅಜ್ಜಿಯ ಹಣೆ ಮುಂದಿನ ಕಂಬಿಗೆ ಬಡಿದು ರಕ್ತ ಬರುತ್ತಿತ್ತು.

ಅವಳು ಗಾಯಕ್ಕೆ ಬಟ್ಟೆ ಒತ್ತಿ, ಆಂಬ್ಯುಲೆನ್ಸಿಗೆ ಫೋನ್ ಮಾಡಿ, ಕೀ ಕಿತ್ತುಕೊಂಡಳು. ಅಜ್ಜಿಯನ್ನು ಕರೆದೊಯ್ದ ಮೇಲೆ, ಪುಟ್ಟಿಯನ್ನು ಎತ್ತಿಕೊಂಡು ಫುಟ್‌ಪಾತಿನಲ್ಲಿ ಅವನೆದುರು ನಿಂತಳು.

"ನನ್ನ ಮುಖ ನೋಡಿ. ನೇರವಾಗಿ. ಏನು ಕಾಣುತ್ತೆ?"

ಅವನು ಬಹಳ ಹೊತ್ತು ನೋಡಿದ.

"ಹೊಗೆ."

"ಮತ್ತೆ ದಿನಾ ನೋಡ್ತಿದ್ದದ್ದು? ಅದೆಲ್ಲ ಸುಳ್ಳಾ?"

"ಅದೊಂದೇ ನಿಜ. ಅಂಚಲ್ಲಿ ನೋಡಿದ್ರೆ ಸ್ವಲ್ಪ ಸಿಗ್ತೀರ. ಒಂದು ಸಲ ಓಲೆ, ಒಂದು ಸಲ ತುಟಿ. ಒಟ್ಟಿಗೆ ಯಾವತ್ತೂ ಸಿಗಲಿಲ್ಲ. ರಾತ್ರಿ ಮಲಗಿ ಜೋಡಿಸ್ಕೊಳ್ತೀನಿ."

ಅವಳಿಗೆ ಅಳು ಉಕ್ಕಿತು; ಸಿಟ್ಟು ಅದನ್ನು ತಡೆಯಿತು.

"ಯಾಕೆ ಹೇಳಲಿಲ್ಲ?"

"ದೊಡ್ಡಮ್ಮನ ಆ ಮನೆಯಲ್ಲೇ ಬೆಳೆದವನು ನಾನು. ವ್ಯಾನ್ ಬಿಟ್ರೆ ಅಲ್ಲಿ ನಂಗೇನಿದೆ? ಒಂದು ವಾರ ಟೈಮ್ ಕೊಡಿ, ನಾನೇ ಬಿಡ್ತೀನಿ."

"ಒಂದು ವಾರ ಅಂದ್ರೆ ಎಷ್ಟು ಸಿಗ್ನಲ್ ಗೊತ್ತಾ? ಈಗ್ಲೇ ದೊಡ್ಡಮ್ಮನಿಗೆ ಹೇಳ್ಬೇಕು. ನೀವು ಹೇಳದಿದ್ರೆ ನಾನು ಹೇಳ್ತೀನಿ. ಆಮೇಲೆ ನೀವು ಜನ್ಮದಲ್ಲಿ ನನ್ನ ಹತ್ರ ಮಾತಾಡದಿದ್ರೂ ಸರಿ."

ಅವನೇ ಹೇಳಿದ. ದೊಡ್ಡಮ್ಮ ಕುರ್ಚಿಯಿಂದ ಏಳಲಿಲ್ಲ.

"ಜೀವಗಳನ್ನ ನಿನ್ನ ಕೈಗೆ ಕೊಟ್ಟಿದ್ದೆನಲ್ಲೋ," ಎಂದರು. "ನನ್ನ ಮಗ ಅಂತ ಕೊಟ್ಟಿದ್ದೆ. ಹೋಗು. ಇವತ್ತು ನಿನ್ನ ಮುಖ ನೋಡೋಕಾಗಲ್ಲ."

ಬಾಗಿಲ ಬಳಿ ಮತ್ತೆ ಕರೆದು, "ನಾಳೆ ಕಣ್ಣಾಸ್ಪತ್ರೆಗೆ ನಾನೇ ಬರ್ತೀನಿ," ಎಂದರು.

ಸಂಜೆ ಆಸ್ಪತ್ರೆಯಲ್ಲಿ ಅಜ್ಜಿ ತಲೆಗೆ ಪಟ್ಟಿ ಕಟ್ಟಿಸಿಕೊಂಡು ಕೂತಿದ್ದರು. ಅವನು ಕ್ಷಮೆ ಕೇಳಿದ.

"ನಂದು ಹಳೇ ತಲೆ, ಗಟ್ಟಿ. ಅದೇ ಆ ಕೂಸಿನ ತಲೆ ಆಗಿದ್ರೆ?" ಎಂದು ಅಜ್ಜಿ ಗೋಡೆಯ ಕಡೆ ತಿರುಗಿ ಮಲಗಿದರು. ಕ್ಷಮಿಸಿದೆ ಎನ್ನಲಿಲ್ಲ.

ಆಸ್ಪತ್ರೆಯ ಮೆಟ್ಟಿಲ ಮೇಲೆ ಅವನು ಕುಸಿದು ಕೂತ. ಅವಳೂ ಪಕ್ಕದಲ್ಲಿ ಕೂತಳು.

"ನೀವ್ಯಾಕೆ ಇನ್ನೂ ಇಲ್ಲಿದ್ದೀರ?"

"ನಿಮ್ಮ ಮೇಲೆ ಸಿಟ್ಟಿದೆ. ತುಂಬ ದಿನ ಇರುತ್ತೆ. ದೂರ ಇದ್ರೆ ಸಿಟ್ಟು ಮಾಡೋಕೆ ಕಷ್ಟ."

"ಅಂಚೂ ಹೋಗಬಹುದು ಅಂತ ಹಿಂದೆ ತೋರಿಸಿದಾಗ್ಲೇ ಡಾಕ್ಟ್ರು ಹೇಳಿದ್ರು. ಆಮೇಲೆ ನಿಮ್ಮ ಓಲೆಯೂ ಸಿಗಲ್ಲ."

ಅವಳಿಗೆ ಭಯವಾಯಿತು. ಆ ಭಯ ಮುಂದೆಯೂ ಜೊತೆಗೇ ಇರುತ್ತದೆಂದು ತಿಳಿಯಿತು. ಅವನ ಕೈ ಎತ್ತಿ ತನ್ನ ಹಣೆಯ ಮೇಲಿಟ್ಟುಕೊಂಡು, ನಿಧಾನವಾಗಿ ಕಣ್ಣು, ಮೂಗು, ತುಟಿ, ಗಲ್ಲದವರೆಗೂ ಇಳಿಸಿದಳು.

"ಒಟ್ಟಿಗೆ ಸಿಕ್ಕಿತಾ?"

ಅವನ ಬೆರಳುಗಳು ಒದ್ದೆಯಾಗಿದ್ದವು.

"ಟೀಚರ್... ಅಳ್ತಿದ್ದೀರಾ?"

"ಹೂಂ," ಎಂದಳು. "ಇನ್ನು ಮೇಲೆ ಕೇಳಿದ್ದಕ್ಕೆಲ್ಲ ನಿಜ ಹೇಳೋಣ. ಇಬ್ಬರೂ."