ಬಂಗುಡೆ ಗೊತ್ತಿಲ್ಲದ ಹುಡುಗಿ

"ಇದು ಯಾವ ಮೀನು ಅಂತ ಸ್ವಲ್ಪ ನೋಡಿ ಹೇಳ್ತೀರಾ?"

ಒದ್ದೆ ಗೋಣಿಚೀಲವನ್ನು ಮೇಜಿನ ಮೇಲಿಟ್ಟು ಅವಳು ಕೇಳಿದಳು. ಮೀನು ಡಾಕ್ಟರು ತಲೆ ಎತ್ತಲಿಲ್ಲ. ತುಟಿಯಂಚು ಮಾತ್ರ ತುಸು ಅಲುಗಿತು.

"ಬಂಗುಡೆ ಇರಬೇಕು."

ಅವಳ ಕಿವಿ ಕೆಂಪಾಯಿತು.

ಬಂದರಿನ ಮೀನು ಪರೀಕ್ಷೆಯ ಕೋಣೆಗೆ ಅವನು ಬಂದು ಒಂದು ವರ್ಷವಾಗಿತ್ತು. ಯಾವ ಮೀನಿಗೂ ಔಷಧಿ ಕೊಟ್ಟಿದ್ದನ್ನು ಯಾರೂ ನೋಡಿಲ್ಲ, ಆದರೂ ಜನರ ಬಾಯಲ್ಲಿ ಅವನು ಮೀನು ಡಾಕ್ಟರು. ಗುರುತು ಸಿಗದ ಮೀನು ಬಂದರೆ ತಿನ್ನಬಹುದೋ ಬಾರದೋ ಎಂದು ಹೇಳುವುದು ಅವನ ಕೆಲಸ. ಖಾತ್ರಿಯಾಗುವವರೆಗೆ ಮಾತ್ರ ತುಟಿ ಪಿಟಕ್ ಎನ್ನುವುದಿಲ್ಲ.

ಇವಳಾದರೋ ಸೋದರತ್ತೆಯ ಬೋಟ್ ನಡೆಸುವವಳು, ನಡೆಯಲು ಕಲಿಯುವ ಮುಂಚೆಯೇ ಮೀನಿನ ಬುಟ್ಟಿಯಲ್ಲಿ ಆಡಿದವಳು. ಅವನು ಬಂದ ಮೇಲೆ ಇವಳಿಗೆ ಅದೇನು ಮರೆವೋ, ಒಂದೊಂದೇ ಮೀನಿನ ಗುರುತು ತಪ್ಪತೊಡಗಿತ್ತು. ಹೋದ ವಾರ ಅದು ಅತಿಯಾಯಿತು. ಚಿಕ್ಕ ಮಕ್ಕಳಿಗೂ ಗುರುತಿರುವ ಬಂಗುಡೆಯನ್ನೇ ತಂದು ಇದೇನು ಎಂದು ಕೇಳಿಬಿಟ್ಟಿದ್ದಳು. ಅವನು ಗಂಭೀರವಾಗಿ ರೆಕ್ಕೆಯ ಮುಳ್ಳು ಎಣಿಸಿ "ಬಂಗುಡೆ" ಎಂದಿದ್ದ. ಇಡೀ ಬಂದರು ಹೊಟ್ಟೆ ಹುಣ್ಣಾಗುವಂತೆ ನಕ್ಕಿತ್ತು.

ಆದರೆ ಇವತ್ತು ಸುಳ್ಳಲ್ಲ. ಇವತ್ತು ನೆಪವೇ ಇಲ್ಲದೆ, ಬರಿಗೈಯಲ್ಲಿ ಬಂದು ನೇರವಾಗಿ ಕೇಳಬೇಕೆಂದು ಅವಳು ಗಟ್ಟಿ ಮನಸ್ಸು ಮಾಡಿದ್ದಳು. ಐಸ್ ಫ್ಯಾಕ್ಟರಿಯವರ ಮನೆಯಿಂದ ಸಂಬಂಧ ಬಂದಿತ್ತು. ಸಂಜೆಯೊಳಗೆ ಹೂಂ ಅಥವಾ ಉಹೂಂ ಹೇಳು ಎಂದಿದ್ದಳು ಅತ್ತೆ. ಅದೇ ಗುಂಗಿನಲ್ಲಿ ಬೋಟ್ ಎಂದೂ ಹೋಗದಷ್ಟು ದೂರ ಹೋಗಿತ್ತು. ಅಲ್ಲಿನ ಆಳದ ಬಂಡೆಗಳ ಮೇಲೆ ಗಾಳಕ್ಕೆ ಈ ಮೀನು ಬಿದ್ದಿತ್ತು.

"ಚೀಲ ಬಿಚ್ಚಿ ನೋಡಿ ಮಾತಾಡಿ," ಎಂದಳು ಬಿಗಿಯಾಗಿ.

ಬಿಚ್ಚಿದ. ನಗು ಹಾರಿಹೋಯಿತು. ಮೊಳದುದ್ದದ ದಪ್ಪ ಮೀನು, ಹಣೆಯ ಮೇಲೆ ಗುಬುಟು, ಬೆನ್ನಿನ ರೆಕ್ಕೆಯ ತುದಿಯಲ್ಲಿ ದಾರದಂಥ ಎಳೆ. ಅವನು ಕುರ್ಚಿ ಹಿಂದಕ್ಕೆ ತಳ್ಳಿ ಎದ್ದು ನಿಂತ.

"ಕ್ಷಮಿಸಿ. ನಾನು ಇದೂ ಹಾಗೇ ಅಂದ್ಕೊಂಡೆ."

"ಹಾಗೇ ಅಂದ್ರೆ?"

ಅವನು ದೀಪ ಎಳೆದುಕೊಂಡ. ಮುಳ್ಳು ಎಣಿಸಿದ, ಕಿವಿರು ಎತ್ತಿ ನೋಡಿದ, ದವಡೆ ತೆರೆದು ಹಲ್ಲು ಮುಟ್ಟಿದ. ಬಗ್ಗಿದಾಗ ಅವನ ಜೇಬು ಮೀನಿನ ಲೋಳೆಗೆ ತಗುಲಿತು. ಅಂಗಿ ಹೊಸದು, ಮಡಿಕೆಯ ಗೆರೆ ಇನ್ನೂ ಮಾಸಿರಲಿಲ್ಲ. ಇವತ್ತೇನು ವಿಶೇಷ ಎಂದು ಅವಳಿಗೆ ತಿಳಿಯಲಿಲ್ಲ.

"ಸತ್ತ ಮೇಲೆ ಬಣ್ಣ ಹೋಗಿಬಿಡುತ್ತೆ. ನೀರಿಂದ ಎತ್ತಿದಾಗ ಹೇಗಿತ್ತು? ನೀವೇ ಹೇಳಬೇಕು."

ಅವಳು ಕಣ್ಣು ಮುಚ್ಚಿದಳು. "ಹೊಟ್ಟೆ ಬೆಂಕಿ ಥರ ಕಿತ್ತಳೆ. ಕಣ್ಣಿನ ಕೆಳಗೆ ನೀಲಿ ಗೆರೆ, ಬಾಯಿವರೆಗೂ. ಬಾಲದ ಹತ್ತಿರ ಒಂದು ಕಪ್ಪು ಮಚ್ಚೆ. ನೋಡ್ತಾ ನೋಡ್ತಾ ಎಲ್ಲಾ ಆರಿಹೋಯ್ತು."

"ಮಚ್ಚೆ ದುಂಡಗಿತ್ತಾ?"

"ಅರ್ಧ. ಕೆಳಗಡೆ ಕತ್ತರಿಸಿದ ಹಾಗೆ."

ಕಣ್ಣು ತೆರೆದಾಗ ಅವನು ಮೀನನ್ನಲ್ಲ, ಅವಳನ್ನು ನೋಡುತ್ತಿದ್ದ. ಸಿಕ್ಕಿಬಿದ್ದು ತಟ್ಟನೆ ಮೀನಿನ ಕಡೆ ತಿರುಗಿದ.

"ಹಾಗಾದ್ರೆ ಖಾತ್ರಿ. ಇದು ಹೊಸದೇನಲ್ಲ. ನೀವು ದಿನಾ ಹಿಡಿಯೋ ಬೂದು ಮೀನು."

"ತಮಾಷೆ ಮಾಡಬೇಡಿ! ಅದು ಸಪ್ಪೆ ಬಣ್ಣದ ಬಡಪಾಯಿ ಮೀನು."

"ಗಂಡು ಇದು. ಜೋಡಿ ಹುಡುಕೋ ಕಾಲದಲ್ಲಿ ಹೀಗಾಗುತ್ತೆ. ಆಗ ಆಳದ ಬಂಡೆ ಬಿಟ್ಟು ಬರಲ್ಲ. ನೀವು ಅಷ್ಟು ದೂರ ಹೋಗಿದ್ದಕ್ಕೆ ಕಂಡಿದೆ."

"ಇಷ್ಟೆಲ್ಲಾ ಯಾಕೆ?"

"ಹೆಣ್ಣಿನ ಕಣ್ಣಿಗೆ ಬೀಳಲಿ ಅಂತ," ಎಂದವನು ಅಲ್ಲಿಗೇ ತಡೆದ. ಅವಳ ನೋಟ ತನ್ನ ಹೊಸ ಅಂಗಿಯ ಮೇಲೆ ನಿಂತಿದ್ದು ಅವನಿಗೆ ಗೊತ್ತಾಯಿತು. ಕೈ ತಾನಾಗಿಯೇ ಕಾಲರಿಗೆ ಹೋಯಿತು.

ಅವಳಿಗೆ ನಗು ಬಂತು. ಹಿಂದೆಯೇ ಸಿಟ್ಟೂ ಬಂತು.

"ಬಂಗುಡೆ ನನಗೆ ಗೊತ್ತು ಅನ್ನೋದು ನಿಮಗೆ ಗೊತ್ತಿತ್ತಲ್ವಾ?"

"ಗೊತ್ತಿತ್ತು."

"ಮತ್ತೆ ಯಾಕೆ ಬಾಯಿ ಬಿಡಲಿಲ್ಲ?"

"ಸುಮ್ಮನೆ ಆಟ ಆಡಿಸ್ತಿದ್ದೀರೇನೋ ಅನ್ನಿಸ್ತು. ಖಾತ್ರಿ ಇರಲಿಲ್ಲ. ತಪ್ಪಾಗಿ ತಿಳಿದು ಏನಾದ್ರೂ ಅಂದ್ರೆ ನೀವು ಬರೋದೇ ನಿಲ್ಲಿಸಿದ್ರೆ?"

"ಇನ್ನೆಷ್ಟು ಲಕ್ಷಣ ಬೇಕು ನಿಮಗೆ? ಇಡೀ ಊರಿನ ಮುಂದೆ ಬಂಗುಡೆ ಹಿಡ್ಕೊಂಡು ಪೆದ್ದಿ ಅನ್ನಿಸಿಕೊಂಡೆ. ಇವತ್ತು ಸಂಜೆ ಅತ್ತೆ ಐಸ್ ಫ್ಯಾಕ್ಟರಿಯವರಿಗೆ ಮಾತು ಕೊಡ್ತಾರೆ. ಬೇಡ ಅನ್ನೋಕೆ ನನಗೆ ಧೈರ್ಯ ಇದೆ. ಆದರೆ ನಾನೊಬ್ಬಳೇ ಹೇಳಲ್ಲ. ನಿಮ್ಮ ಬಾಯಲ್ಲೂ ಕೇಳಬೇಕು. ಈಗಲೇ. ಇಲ್ಲ ಅಂದ್ರೆ ಇಲ್ಲ ಅನ್ನಿ, ಈ ಬಾಗಿಲಿಗೆ ಮತ್ತೆ ಬರಲ್ಲ."

ಧ್ವನಿ ಗಟ್ಟಿಯಾಗಿಯೇ ಇತ್ತು. ಅವನು ನಿಧಾನವಾಗಿ ಕೈ ತೊಳೆದ, ಒರೆಸಿಕೊಂಡ. ಆ ಟವೆಲನ್ನು ಕಿತ್ತುಕೊಂಡು ಅವನ ಮೇಲೇ ಎಸೆಯಬೇಕು ಅನ್ನಿಸಿತು ಅವಳಿಗೆ.

"ಈ ಅಂಗಿ ಹಾಕ್ಕೊಂಡು ಬೆಳಿಗ್ಗೆ ನಿಮ್ಮ ಬೋಟ್ ಹತ್ತಿರ ಬಂದಿದ್ದೆ," ಎಂದ. "ನೀವು ಹೊರಟುಹೋಗಿದ್ರಿ. ನೀವಿಲ್ಲದೆ ಬಂದರೆಲ್ಲ ಭಣಭಣ ಅಂತಿತ್ತು. ನನಗೆ ನೀವು ಇಷ್ಟ. ತುಂಬಾ ಇಷ್ಟ. ನಡೀರಿ, ನಿಮ್ಮ ಅತ್ತೆ ಎದುರಿಗೇ ಹೇಳ್ತೀನಿ."

ಇಷ್ಟು ದಿನ ತಾಳಿದ ಅವಳ ಕಣ್ಣು ಈಗ ತುಂಬಿಕೊಂಡಿತು. ಮುಖ ಮರೆಸಲು ಮೀನನ್ನು ಮತ್ತೆ ಗೋಣಿಯಲ್ಲಿ ಸುತ್ತತೊಡಗಿದಳು. ಅವನೂ ಇನ್ನೊಂದು ತುದಿ ಹಿಡಿದ.

ಅತ್ತೆ ಬೋಟ್ ಪಕ್ಕದಲ್ಲಿ ಕೂತು ಹರಿದ ಬಲೆ ಹೊಲಿಯುತ್ತಿದ್ದಳು. ಚೀಲವನ್ನು ಇಬ್ಬರೂ ಹಿಡಿದು ಬರುವುದನ್ನು ಕಂಡು ಸೂಜಿ ನಿಲ್ಲಿಸಿದಳು.

"ಯಾವ ಮೀನಂತೆ?"

"ಬೂದು ಮೀನೇ ಅತ್ತೆ. ದಿನಾ ನೋಡೋದೇ."

ಅತ್ತೆ ಮೀನು ಡಾಕ್ಟರನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಹೊಸ ಅಂಗಿ, ಜೇಬಿನ ಮೇಲೆ ಲೋಳೆ, ಹಣೆಯ ಮೇಲೆ ಬೆವರು.

"ಅಮ್ಮಾ, ನಿಮ್ಮ ಸೋದರಸೊಸೆಯನ್ನ ನಾನು ಮದುವೆ ಆಗಬೇಕು ಅಂತಿದ್ದೀನಿ," ಎಂದ ಅವನು ಒಂದೇ ಉಸಿರಿಗೆ. "ಅವರಿಗೂ ಒಪ್ಪಿಗೆ ಇದೆ."

"ಇದನ್ನ ಕಂಡುಹಿಡಿಯೋಕೆ ಒಂದು ವರ್ಷ ಬೇಕಾಯ್ತಾ ಡಾಕ್ಟ್ರೇ? ಆ ಬಂಗುಡೆ ನೋಡಿದ ದಿನವೇ ನನಗೆ ಗೊತ್ತಾಗಿತ್ತು. ನೀವಿಬ್ಬರೂ ಬಾಯಿ ಬಿಡಲಿ ಅಂತಲೇ ಸಂಜೆವರೆಗೆ ಗಡುವು ಕೊಟ್ಟಿದ್ದು."

ಬಲೆ ಪಕ್ಕಕ್ಕೆ ಸರಿಸಿ ಅತ್ತೆ ಸೊಂಟದಿಂದ ಫೋನ್ ತೆಗೆದಳು.

"ಯಾರಿಗೆ ಅತ್ತೆ?"

"ಐಸ್ ಫ್ಯಾಕ್ಟರಿಯವರಿಗೆ. ನಮ್ಮ ಹುಡುಗಿಗೆ ಬಂಗುಡೆಯೂ ಗೊತ್ತಿಲ್ಲ, ನಿಮ್ಮ ಮನೆಗೆ ಆಗಿಬರಲ್ಲ ಅಂತ ಹೇಳಿಬಿಡ್ತೀನಿ."

ಅವಳು ನಕ್ಕಳು. ಚೀಲದ ಕೆಳಗೆ ಅವನ ಒದ್ದೆ ಬೆರಳು ಅವಳ ಬೆರಳನ್ನು ಹಿಡಿದುಕೊಂಡಿತು, ಅವಳು ಬಿಡಿಸಿಕೊಳ್ಳಲಿಲ್ಲ.